ಹಿಂದಕ್ಕೆ ಎಳೆದಿದ್ದ ಲೀವರ್

ಆ ದಿನ ನೀವು ಮೋಟರ್ ಸೈಕಲ್ಲಿನ ಲೀವರನ್ನು ಹಿಂದಕ್ಕೆ ಎಳೆದಿದ್ದಿರಿ, ಸುಬ್ರಾಯಣ್ಣ. ಎಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನೀವು ಕಾಲು ಮುರಿದುಕೊಂಡು ನೆಲಕ್ಕೆ ಬಿದ್ದ ಮೇಲೆ, ಎಲ್ಲರೂ ನಿಮ್ಮ ಸುತ್ತ ಬಗ್ಗಿದ್ದಾಗ, ಅದನ್ನು ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದವನು ನಾನು. ತಳ್ಳಿ, ಎದ್ದು ನಿಂತು, "ನೋಡಿ, ಲೀವರ್ ಮುಂದೇ ಉಳಿದದೆ. ಎಳೆಯೂಕೆ ಮರ್ತಿದ್ರು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದವನೂ ನಾನೇ.

ಇಷ್ಟೇ ಮಾತು. ಇದನ್ನು ಬರೆಯಲು ನಾನು ಮುದುಕನಾಗಬೇಕಾಯಿತು. ಎಷ್ಟೋ ಸಲ ಹೇಳಬೇಕೆಂದು ಹೊರಟಿದ್ದೆ — ಆದರೆ ಹೊರಟದ್ದನ್ನೇ ದೊಡ್ಡದು ಮಾಡಿ ಹೇಳಿಕೊಳ್ಳುವುದೂ ಒಂದು ಬಗೆಯ ಕಳ್ಳತನವೇ. ಹೇಳಲಿಲ್ಲ. ಅಷ್ಟೇ ಖರೆ.

ನಿಮಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ, ಏಕೆಂದರೆ ಇದನ್ನು ನಿಮ್ಮ ಮಕ್ಕಳೂ ಕೇಳಬೇಕು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹೊನ್ನಾವರದಲ್ಲಿ ಶರಾವತಿಗೆ ಸೇತುವೆ ಇರಲಿಲ್ಲ. ಆಚೆ ದಡಕ್ಕೆ ಹೋಗಬೇಕೆಂದರೆ ಮನುಷ್ಯರಾಗಲಿ ಗಾಡಿಯಾಗಲಿ ತಾರಿಯ ದೋಣಿ ಹತ್ತಲೇಬೇಕು. ಆ ತಾರಿಯಿಂದ ಪೇಟೆಗೆ ಬರುವ ರಸ್ತೆಯಲ್ಲಿ ನನ್ನ ಗ್ಯಾರೇಜು. ಗ್ಯಾರೇಜು ಅನ್ನುವುದು ದೊಡ್ಡ ಮಾತಾಯಿತು — ಒಂದು ಮಾಡು, ಒಂದು ಮೇಜು, ಎಣ್ಣೆ ಕುಡಿದು ಕಪ್ಪಾದ ನೆಲ. ಬೊಂಬಾಯಿಯಲ್ಲಿ ಕೆಲವು ವರ್ಷ ಮೋಟರ್ ಕೆಲಸ ಕಲಿತು ಊರಿಗೆ ಬಂದಿದ್ದೆ. ಬಂದವನು ಬಾಯಿ ಮುಚ್ಚಿಕೊಂಡು ಕೆಲಸ ಮಾಡಬೇಕಿತ್ತು. ಮಾತೆತ್ತಿದರೆ "ಬೊಂಬಾಯಲ್ಲಿ ಹೀಂಗೆ ಮಾಡೂದಿಲ್ಲ" ಎನ್ನುತ್ತಿದ್ದೆ. ಎದುರಿನ ಚಾದಂಗಡಿಯಲ್ಲಿ ಕೂರುವವರು ನನಗೆ ಬೊಂಬಾಯಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದರು. ಅದು ಹೊಗಳಿಕೆಯಲ್ಲ ಎಂದು ತಿಳಿದಿದ್ದರೂ, ಕೇಳಿದಾಗ ಒಳಗೊಳಗೇ ಉಬ್ಬುತ್ತಿದ್ದೆ.

ನೀವು ಪೇಟೆಯ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರ್. ಮನೆ ಹಳದೀಪುರದಲ್ಲಿ. ಡಾಕ್ಟರರು ಚೀಟಿಯಲ್ಲಿ ಗೀಚಿದ್ದನ್ನು ಓದಿ, ದೊಡ್ಡ ಬಾಟ್ಲಿಗಳಿಂದ ಅಳೆದು ಬೆರೆಸಿ, ಔಷಧದ ಬಾಟ್ಲಿಯ ಮೈಗೆ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುವವರು. ಒಂದು ಹಲ್ಲಿಗೆ ಒಂದು ಹೊತ್ತಿನ ಔಷಧ. ಓದು ಬಾರದ ಮುದುಕಿಯರೂ ಬೆರಳಿಟ್ಟು ನೋಡಿ ಕುಡಿಯುತ್ತಿದ್ದರು. ವಾರದಲ್ಲಿ ಕೆಲವು ದಿನ ಡಾಕ್ಟರರ ಹಳೆಯ ಇಂಗ್ಲಿಷ್ ಮೋಟರ್ ಸೈಕಲ್ ತೆಗೆದುಕೊಂಡು ಹಳ್ಳಿಗಳಿಗೆ ಔಷಧ ಒಯ್ಯುತ್ತಿದ್ದಿರಿ; ತಾರಿ ದಾಟಿ ಕಾಯ್ಕಿಣಿಯವರೆಗೂ ಹೋಗಿ ಬರುತ್ತಿದ್ದಿರಿ. "ಕಂಪೌಂಡರ್ ಕೈ ತಪ್ಪೂದಿಲ್ಲ" ಎಂದು ಜನ ಹೇಳುತ್ತಿದ್ದರು. ಡಾಕ್ಟರರ ಬಗ್ಗೆ ಕೂಡ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಗಾಡಿಯ ವಿಷಯದಲ್ಲೂ ನೀವು ಹಾಗೆಯೇ ಇದ್ದಿರಿ. ಪೆಟ್ರೋಲಿನ ನಲ್ಲಿ ತೆರೆಯುವುದು, ಲೀವರನ್ನು ಹಿಂದಕ್ಕೆ ಎಳೆಯುವುದು, ಕಿಕ್ಕನ್ನು ಮೆಲ್ಲಗೆ ಒತ್ತಿ ಪಿಸ್ಟನ್ ಎಲ್ಲಿದೆ ಎಂದು ಕಾಲಿನಲ್ಲೇ ತಿಳಿದುಕೊಳ್ಳುವುದು, ಆಮೇಲೆ ಒಂದೇ ಒದೆತ. ಒಂದು ದಿನವೂ ಕ್ರಮ ತಪ್ಪಿದ್ದನ್ನು ನಾನು ನೋಡಲಿಲ್ಲ. ನನಗೆ ಅದನ್ನು ನೋಡಿ ನಗು ಬರುತ್ತಿತ್ತು. ಪೂಜೆಗೆ ಕೂತ ಹಾಗೆ ಮಾಡ್ತಾರಲ್ಲ ಎಂದು ಚಾದಂಗಡಿಯಲ್ಲಿ ಆಡಿಕೊಂಡೂ ಇದ್ದೆ.

ಲೀವರ್ ಏಕೆ ಎಂದು ನಿಮ್ಮ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಈಗಿನ ಗಾಡಿಗಳಲ್ಲಿ ಅದು ಇಲ್ಲ. ಪಿಸ್ಟನ್ ಮೇಲಕ್ಕೆ ತಲುಪುವ ತುಸು ಮೊದಲು ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಗಾಡಿ ಓಡುತ್ತಿರುವಾಗ ಕಿಡಿ ಬೇಗ ಹಾರಬೇಕು. ಕಿಕ್ ಹೊಡೆಯುವಾಗ ತಡವಾಗಿ ಹಾರಬೇಕು. ಕಿಕ್ ಹೊಡೆಯುವಾಗಲೇ ಬೇಗ ಹಾರಿತೋ, ಇಂಜಿನ್ ಹಿಮ್ಮುಖ ತಿರುಗಿ ಕಿಕ್ಕಿನ ಮೇಲಿದ್ದ ಕಾಲನ್ನು ಹಿಂದಕ್ಕೆ ಒದೆಯುತ್ತದೆ. ಅದಕ್ಕಾಗಿ ಹ್ಯಾಂಡಲಿನಲ್ಲಿ ಆ ಸಣ್ಣ ಲೀವರು — ಹಿಂದಕ್ಕೆ ಎಳೆದರೆ ಕಿಡಿ ತಡ, ಮುಂದಕ್ಕೆ ತಳ್ಳಿದರೆ ಬೇಗ.

ಆ ವರ್ಷದ ಮಳೆಗಾಲದಲ್ಲಿ ಗಾಡಿಯ ಮ್ಯಾಗ್ನೆಟೊ, ಅಂದರೆ ಕಿಡಿ ಹುಟ್ಟಿಸುವ ಯಂತ್ರ, ಥಂಡಿ ಹಿಡಿದು ಕೈಕೊಡಲು ಶುರುವಾಯಿತು. ಒಂದು ಸಲ ಕಾಯ್ಕಿಣಿಯಿಂದ ಬರುವಾಗ ದಾರಿಯಲ್ಲೇ ನಿಂತು, ತಾರಿಯವರೆಗೆ ನೀವು ಅದನ್ನು ತಳ್ಳಿಕೊಂಡೇ ಬಂದಿರಿ. ಬಿಚ್ಚಿ ಒಣಗಿಸಿ ಕಟ್ಟಿದ್ದರೆ ಇನ್ನೂ ಕೆಲವು ವರ್ಷ ನಡೆಯುತ್ತಿತ್ತು. ನನಗೆ ಅದು ಸಾಲಲಿಲ್ಲ. ಭಟ್ಕಳದಲ್ಲಿ ಬೊಂಬಾಯಿಗೆ ಹೋಗಿ ಬರುವ ನವಾಯತ ವ್ಯಾಪಾರಿಯೊಬ್ಬರ ಹತ್ತಿರ ಮಿಲಿಟರಿ ಗಾಡಿಯಿಂದ ಬಿಚ್ಚಿದ ಒಂದು ದೊಡ್ಡ ಮ್ಯಾಗ್ನೆಟೊ ಇದೆ ಎಂದು ಕೇಳಿದ್ದೆ. ಅದನ್ನು ಕೂರಿಸಿದರೆ ಗಾಡಿಗೆ ಹೊಸ ಜೀವ ಬರುತ್ತದೆ ಎಂದು ಡಾಕ್ಟರರನ್ನೂ ನಿಮ್ಮನ್ನೂ ಒಪ್ಪಿಸಿದೆ. ಕೊಡುವಾಗ ಆ ವ್ಯಾಪಾರಿ ಹೇಳಿದ್ದರು: "ಮೇಸ್ತ್ರಿ, ಇದು ಬೇರೆ ಜಾತಿ ಗಾಡೀದು. ಎಲ್ಲ ನೋಡ್ಕೊಂಡು ಕೂರ್ಸಿ." ನನಗೆ ಹೇಳಿಕೊಡಲು ಬಂದರಲ್ಲ ಎಂದು ಮೂಗು ಮುರಿದುಕೊಂಡು ಬಂದೆ.

ಕೂರಿಸಿದೆ. ಪ್ಲಗ್ಗಿನ ತೂತಿನಲ್ಲಿ ಸೈಕಲ್ಲಿನ ಕಡ್ಡಿ ಇಳಿಸಿ ಪಿಸ್ಟನ್ನಿನ ಎತ್ತರ ನೋಡಿದೆ. ಮ್ಯಾಗ್ನೆಟೊದೊಳಗಿನ ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ, ಅದು ಸಡಿಲಾಗುವ ಕ್ಷಣಕ್ಕೆ ಕಿಡಿ ಹಾರುವಂತೆ ಟೈಮಿಂಗ್ ಹೊಂದಿಸಿದೆ. ನಾನು ಬೊಂಬಾಯಿಯಲ್ಲಿ ಕಲಿತದ್ದು ಹಾಗೆ. ಆ ಕೆಲಸದಲ್ಲಿ ನನ್ನ ಕೈ ಕೆಟ್ಟದ್ದೇನೂ ಅಲ್ಲ. ಆದರೆ ಕಿಕ್ಕಿಗೆ ಇಂಜಿನ್ ಹಿಡಿಯಲಿಲ್ಲ. ಕಾರ್ಬುರೇಟರಿನಿಂದ ಹಿಂದಕ್ಕೆ ಕೆಮ್ಮಿತು. ಮತ್ತೆ ಬಿಚ್ಚಿದೆ, ಮತ್ತೆ ಹೊಂದಿಸಿದೆ. ಪ್ಲಗ್ ಬದಲಿಸಿದೆ. ಕಾರ್ಬುರೇಟರ್ ತೊಳೆದೆ. ದಿನಗಳು ಹೋದವು. ಎದುರಿನಿಂದ ದಿನಕ್ಕೊಬ್ಬರು ಕೇಳುತ್ತಿದ್ದರು — "ಎಂತ ಮೇಸ್ತ್ರಿ, ಬೊಂಬಾಯಿ ಗಾಳಿ ಸಾಕಾಗೂದಿಲ್ವೋ ಇದ್ಕೆ?" ನಾನು ತಲೆ ಎತ್ತದೆ ಸ್ಪ್ಯಾನರ್ ತಿರುಗಿಸುತ್ತಿದ್ದೆ.

ಕೊನೆಗೆ ಬಂದರಿನ ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡಿದೆ. ಎಂಥ ಓಟ ಅಂತೀರಿ — ಲೀವರ್ ಮುಂದೆ ಇಟ್ಟುಕೊಂಡು ಹಳದೀಪುರದವರೆಗೆ ಹೋಗಿ ಬಂದೆ, ಗಾಡಿ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಗೆದ್ದೆ ಎಂದುಕೊಂಡೆ. ಗ್ಯಾರೇಜಿಗೆ ಬಂದು, ಲೀವರ್ ಹಿಂದಕ್ಕೆ ಎಳೆದು, ಅರೆಮನಸ್ಸಿನಿಂದ ಒಂದು ಕಿಕ್ ಒತ್ತಿದೆ. ಅಂಗಾಲಿಗೆ ಒದೆ ಬಿತ್ತು. ಕುಂಟುತ್ತ ಎದ್ದು ಲೀವರನ್ನು ಮುಂದಕ್ಕೆ ತಳ್ಳಿ ಹೊಡೆದೆ. ಹಿಡಿಯಿತು.

ಆಗ ತಿಳಿಯಿತು. ಆ ಮ್ಯಾಗ್ನೆಟೊದ ನಡೆ ತಿರುಗುಮುರುಗು. ಅದರಲ್ಲಿ ಎಳೆದರೆ ಬೇಗ, ಬಿಟ್ಟರೆ ತಡ. ನಾನು ಹಳೆಯ ಅಭ್ಯಾಸದಂತೆ ಲೀವರನ್ನು ಮುಂದೆ ಇಟ್ಟೇ, ಓಡಲು ಬೇಕಾದಷ್ಟು ಬೇಗ ಕಿಡಿ ಹಾರುವಂತೆ ಟೈಮಿಂಗ್ ಹೊಂದಿಸಿದ್ದೆ. ಹಾಗಾಗಿ ಓಡುವಾಗ ಎಲ್ಲ ಸರಿ. ಕಿಕ್ ಹೊಡೆಯಲೆಂದು ಹಿಂದಕ್ಕೆ ಎಳೆದರೆ ಮಾತ್ರ ಕಿಡಿ ಇನ್ನೂ ಬೇಗ ಹಾರಿ ಕಾಲಿಗೆ ಬರುತ್ತಿತ್ತು. ಅಂದರೆ, ಕ್ರಮ ತಿಳಿಯದವನು ಹೊಡೆದರೆ ಬಚಾವಾಗಬಹುದು. ಕ್ರಮ ತಪ್ಪದವನಿಗೇ ಅದು ಅಪಾಯ. ಇದು ನನಗೆ ನೀವು ಬೀಳುವ ಹಿಂದಿನ ದಿನವೇ ಗೊತ್ತಿತ್ತು, ಸುಬ್ರಾಯಣ್ಣ. ಗೊತ್ತಿತ್ತು.

ಸರಿ ಮಾಡುವುದೇನೂ ದೊಡ್ಡ ಕೆಲಸವಲ್ಲ. ಇನ್ನೊಂದು ಸಲ ಮುಚ್ಚಳ ಬಿಚ್ಚಬೇಕು, ಅಷ್ಟೇ. ಆದರೆ ಎದುರಿನವರ ಕಣ್ಣೆದುರು ಇನ್ನೊಂದು ಸಲ ಬಿಚ್ಚುವುದು — ಅದು ನನ್ನಿಂದಾಗಲಿಲ್ಲ. ನೀವು ಬಂದಾಗ ಕಿವಿಯಲ್ಲಿ ಹೇಳಿದರಾಯಿತು, ಸದ್ಯಕ್ಕೆ ಲೀವರ್ ಮುಟ್ಟಬೇಡಿ, ಸಂತೆ ಕಳೆದ ಮೇಲೆ ತನ್ನಿ ಎಂದರಾಯಿತು, ಎಂದುಕೊಂಡೆ.

ಮರುದಿನ ಬೆಳಿಗ್ಗೆ ನೀವು ಬಂದಿರಿ. ಚಾದಂಗಡಿಯಲ್ಲಿದ್ದವರೆಲ್ಲ ತಮಾಷೆ ನೋಡಲು ಎದ್ದು ಬಂದರು. ನೀವು ಗಾಡಿಯ ಸುತ್ತ ಒಂದು ಸುತ್ತು ಬಂದು, ಹೊಸ ಮ್ಯಾಗ್ನೆಟೊವನ್ನು ಬಗ್ಗಿ ನೋಡಿ, ನನ್ನನ್ನೇ ನೇರವಾಗಿ ಕೇಳಿದಿರಿ:

"ವಾಸು, ಚಾಲೂ ಮಾಡೂದೆಲ್ಲ ಹಿಂದಿನ ಹಂಗೇಯಾ? ಬದಲು ಎಂತಾದ್ರೂ ಇದ್ಯಾ?"

ಕೇಳಿದಿರಿ. ನೀವು ಕೇಳದೆ ಹೊಡೆದವರಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅವರಲ್ಲೊಬ್ಬ ಆಗಲೇ ನಗಲು ತಯಾರಾಗಿದ್ದ. ನಾನು ಕೈ ಒರೆಸಿಕೊಳ್ಳುತ್ತ ಹೇಳಿದೆ:

"ಎಂತದೂ ಬದಲಿಲ್ಲ. ಹಿಂದಿನ ಹಂಗೇ. ಹೊಡೀರಿ."

ಒಂದು ಸಣ್ಣ ಒದೆ ಬಿದ್ದೀತು, ಎರಡನೆಯ ಕಿಕ್ಕಿಗೆ ನಾನೇ ಲೀವರ್ ಸರಿಸಿ ಕೊಡುತ್ತೇನೆ — ಆ ಕ್ಷಣ ಹೀಗೆ ಅಂದುಕೊಂಡೆನೇನೋ. ಅಂದುಕೊಂಡೆನೋ, ಅಥವಾ ಆಮೇಲೆ ಎಷ್ಟೋ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆನೋ, ಈಗ ಬೇರೆ ಮಾಡಿ ಹೇಳಲಾರೆ. ನೀವು ನಲ್ಲಿ ತೆರೆದಿರಿ. ಲೀವರನ್ನು ಹಿಂದಕ್ಕೆ, ಪೂರ್ತಿ ಹಿಂದಕ್ಕೆ, ಎಳೆದಿರಿ. ಕಾಲಿನಿಂದ ಪಿಸ್ಟನ್ ಹುಡುಕಿದಿರಿ. ಮೈಭಾರವನ್ನೆಲ್ಲ ಹಾಕಿ ಒದೆದಿರಿ. ನಿಮ್ಮ ಒದೆತ ಯಾವಾಗಲೂ ಪೂರ್ತಿಯೇ.

ಒಣಗಿದ ತೆಂಗಿನ ಹೆಡೆಮಟ್ಟೆ ಮುರಿದ ಹಾಗೆ ಸದ್ದಾಯಿತು. ಗಾಡಿ ಒಂದು ಕಡೆ, ನೀವು ಒಂದು ಕಡೆ ಬಿದ್ದಿರಿ. ಮೊಣಕಾಲಿನ ಕೆಳಗೆ ಕಾಲು ತಿರುಗಬಾರದ ದಿಕ್ಕಿಗೆ ತಿರುಗಿತ್ತು. ಎಲ್ಲರೂ ನಿಮ್ಮತ್ತ ಓಡಿದರು. ನಾನು ಗಾಡಿಯತ್ತ ಹೋದೆ. ಎತ್ತುವವನಂತೆ ಬಗ್ಗಿದೆ — ಮುಂದಿನದನ್ನು ಮೊದಲೇ ಬರೆದಿದ್ದೇನೆ.

ನನ್ನ ಮಾತು ಕೇಳಿ ನೀವು ತಲೆ ಎತ್ತಿ ಹ್ಯಾಂಡಲಿನತ್ತ ನೋಡಿದಿರಿ. ಆ ನೋಟ ನನಗೆ ಈಗಲೂ ಬೇಡ. ನೋವಿಗಿಂತ ಹೆಚ್ಚಾಗಿ ನಿಮ್ಮ ಮುಖದಲ್ಲಿ ಒಂದು ಗಲಿಬಿಲಿ ಇತ್ತು. "ಎಳ್ದಿದ್ನಲ್ಲ..." ಎಂದಿರಿ. ಯಾರೋ "ಆಗ್ತದೆ ಕಂಪೌಂಡ್ರೇ, ಒಂದೊಂದ್ಸಲ ಎಲ್ಲರಿಗೂ ಮರ್ತು ಹೋಗ್ತದೆ" ಎಂದರು.

ಅದೇ ಮಧ್ಯಾಹ್ನ ಅಂಗಡಿಯ ಅರ್ಧ ಬಾಗಿಲು ಹಾಕಿಕೊಂಡು ಟೈಮಿಂಗ್ ಸರಿ ಮಾಡಿದೆ. ಲೀವರನ್ನು ಮಗುಚಿ ಕೂರಿಸಿದೆ. ಹಳೆಯ ಹಾಗೆ, ಎಳೆದರೆ ತಡ, ತಳ್ಳಿದರೆ ಬೇಗ. ಸಂಜೆ ಚಾ ಕುಡಿಯುವ ಹೊತ್ತಿಗೆಲ್ಲ ಕೆಲಸ ಮುಗಿದಿತ್ತು. ಇನ್ನು ಯಾರು ಪರೀಕ್ಷೆ ಮಾಡಿದರೂ ನನ್ನ ತಪ್ಪು ಸಿಗುವಂತಿರಲಿಲ್ಲ. ಆ ಗಾಡಿ ಆಮೇಲೆ ವರ್ಷಗಟ್ಟಲೆ ತೊಂದರೆ ಕೊಡಲಿಲ್ಲ. ಕುಮಟೆಯಿಂದಲೂ ಜನ ಗಾಡಿ ತರಲು ಶುರುಮಾಡಿದರು. ಬೊಂಬಾಯಿ ಮೇಸ್ತ್ರಿ ಎನ್ನುವಾಗ ಈಗ ಯಾರೂ ನಗುತ್ತಿರಲಿಲ್ಲ.

ಇಲ್ಲಿಯವರೆಗಿನದನ್ನು ಗಾಬರಿಯಲ್ಲಿ ಮಾಡಿದ್ದು ಎಂದು ಯಾರಾದರೂ ಹೇಳಬಹುದು. ಆದರೆ ತಾರಿಯ ಹತ್ತಿರ ನಡೆದದ್ದು ಉಂಟಲ್ಲ — ಅಲ್ಲಿ ಗಾಬರಿ ಇರಲಿಲ್ಲ.

ಕಾಲು ಕೂಡಿ, ಕೋಲು ಹಿಡಿದು ಓಡಾಡುವಷ್ಟಾಗಿದ್ದಿರಿ ನೀವು. ಬೆಳಗಿನ ದೋಣಿ ಆಚೆ ದಡದಲ್ಲಿತ್ತು. ಕಟ್ಟೆಯ ಮೇಲೆ ನಾವಿಬ್ಬರೇ. ನೀವು ತಗ್ಗಿದ ದನಿಯಲ್ಲಿ ಹೇಳಿದಿರಿ:

"ವಾಸು, ನಂದೊಂದು ಕೇಳೂದದೆ. ಸಿಟ್ಟು ಮಾಡ್ಬೇಡ. ಲೀವರ್ ಎಳ್ದದ್ದು ನನ್ನ ಕೈಗೆ ನೆನಪದೆ. ಈ ಬೆರಳಿಗೆ ನೆನಪದೆ. ಆದ್ರೆ ಅದು ಮುಂದೆ ಇದ್ದದ್ದನ್ನೂ ಕಂಡಿದ್ದೇನೆ. ನೀ ಹತ್ರ ಇದ್ದವ. ಖರೆ ಹೇಳು — ನಾ ಎಳ್ದಿದ್ನಾ?"

ನೀವು ನನ್ನ ಮೇಲೆ ಸಂಶಯಪಟ್ಟು ಕೇಳಿದ್ದಲ್ಲ. ಸಂಶಯಪಟ್ಟಿದ್ದರೆ ನಾನು ಜಗಳ ಮಾಡಿ ಗೆಲ್ಲುತ್ತಿದ್ದೆ. ನಿಮ್ಮ ಕೈಯ ಬಗ್ಗೆ ನಿಮಗೆ ಸಾಕ್ಷಿ ಬೇಕಿತ್ತು, ಅದಕ್ಕೆ ನನ್ನನ್ನು ನಂಬಿ ಕೇಳಿದಿರಿ. ಆಗ ಸುತ್ತ ನಗುವವರಿರಲಿಲ್ಲ. ಹೌದು ಅಂದಿದ್ದರೆ ಸಾಕಿತ್ತು, ಒಂದು ಶಬ್ದ.

"ಇಲ್ಲ ಸುಬ್ರಾಯಣ್ಣ," ಎಂದೆ. "ಮುಂದೇ ಇತ್ತು. ನೀವು ಎಳೀಲಿಲ್ಲ."

ನೀವು ತಲೆಯಾಡಿಸಿದಿರಿ. "ಆತು ಹಂಗಾರೆ," ಎಂದಿರಿ. ದೋಣಿ ಬಂತು. ನಿಮ್ಮ ಕೈ ಹಿಡಿದು ಹತ್ತಿಸಿದ್ದೂ ನಾನೇ.

ಮುರಿದದ್ದು ಕಾಲು ಎಂದು ಊರಿಗೆಲ್ಲ ಗೊತ್ತು. ಕಾಲು ಕೂಡಿಕೊಂಡಿತು, ಮಳೆಗಾಲದಲ್ಲಿ ಸ್ವಲ್ಪ ಎಳೆಯುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ಕೂಡದೆ ಉಳಿದದ್ದು ಇನ್ನೊಂದು, ಅದನ್ನು ನಾನು ಮುರಿದದ್ದು ತಾರಿಯ ಕಟ್ಟೆಯ ಮೇಲೆ. ಅದನ್ನು ನಾನು ಮೊದಲು ಕಂಡದ್ದು ಅಮ್ಮನ ಕೆಮ್ಮಿಗೆ ಔಷಧ ತರಲು ಬಂದ ದಿನ. ನೀವು ಅಳೆದು ಬೆರೆಸಿ, ಪಟ್ಟಿ ಅಂಟಿಸಿ, ಬಿರಡೆ ಹಾಕಿದಿರಿ. ಕೊಡಲು ಕೈ ಚಾಚಿದವರು ನಿಂತಿರಿ. ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದಿರಿ. ಒಳಗೆ ಹೋಗಿ ಮೋರಿಗೆ ಸುರಿದು ಬಂದು ಮತ್ತೆ ಮೊದಲಿನಿಂದ ಬೆರೆಸಿದಿರಿ. ಅದನ್ನೂ ಕೊಡಲು ಮನಸ್ಸಾಗಲಿಲ್ಲ. ಹೊರಗೆ ಜನ ಗೊಣಗುತ್ತಿದ್ದರು.

"ಹಾಕಿದ್ನೋ ಇಲ್ವೋ ನಂಗೇ ಗೊತ್ತಾಗೂದಿಲ್ಲ ವಾಸು," ಎಂದಿರಿ. "ಹಾಕಿದ್ದು ನೆನಪಿರ್ತದೆ. ಆದ್ರೆ ಆ ನೆನಪೇ ಸುಳ್ಳಾದ್ರೆ? ಇದು ಜೀವದ ವಿಷಯ ಅಲ್ದಾ?"

ನಾನು ಬಾಟ್ಲಿ ತೆಗೆದುಕೊಂಡು ಮನೆಗೆ ಹೋದೆ.

ಮುಂದಿನ ಮಳೆಗಾಲ ಬರುವಷ್ಟರಲ್ಲಿ ನೀವು ಕೆಲಸ ಬಿಟ್ಟಿರಿ. ನಿಮ್ಮನ್ನು ಯಾರೂ ತೆಗೆಯಲಿಲ್ಲ. ಡಾಕ್ಟರರು ಮನೆಗೇ ಬಂದು ಕರೆದರು. ನಿಮ್ಮ ಕೈಯಿಂದ ಒಂದು ಔಷಧವೂ ತಪ್ಪಾಗಿರಲಿಲ್ಲ. ತಪ್ಪುವ ಮೊದಲೇ ಬಿಡಬೇಕು ಎಂದು ನೀವೇ ನಿಶ್ಚಯ ಮಾಡಿದ್ದಿರಿ. ಹಳದೀಪುರದಲ್ಲಿ ತೆಂಗಿನ ಬುಡ ಬಿಡಿಸಿಕೊಂಡು ಉಳಿದಿರಿ. ಕಾಯ್ಕಿಣಿಯವರು ಬಹಳ ದಿನ ಕೇಳುತ್ತಿದ್ದರಂತೆ, ಕಂಪೌಂಡರ್ ಯಾಕೆ ಬರೂದಿಲ್ಲ ಎಂದು.

ನಿಮ್ಮ ಮನೆಯಲ್ಲಿ ಅದೊಂದು ಮಾತೇ ಆಗಿಹೋಯಿತು. ಸಾರಿಗೆ ಉಪ್ಪು ಬೀಳದಿದ್ದರೆ, ದನ ಕಟ್ಟಲು ಮರೆತರೆ, ಮಕ್ಕಳು "ಲೀವರ್ ಮರ್ತು ಹೋತು" ಎಂದು ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. ನಿಮ್ಮ ಮನೆಯ ಚಾವಡಿಯಲ್ಲಿ ಕೂತು, ನಿಮ್ಮ ಹೆಂಡತಿ ಕೊಟ್ಟ ಚಾ ಕುಡಿಯುತ್ತ, ನಾನೂ ಅವರ ಜೊತೆ ನಕ್ಕಿದ್ದೇನೆ. ಇದನ್ನು ಬರೆಯುವಾಗ ಮೈ ಉರಿಯುತ್ತದೆ. ಉರಿಯಲಿ.

ಕಳೆದ ವಾರ ಹಳದೀಪುರಕ್ಕೆ ಬಂದದ್ದು ಹೇಳಬೇಕೆಂದೇ. ನೀವು ಚಾವಡಿಯಲ್ಲಿ ಕೂತಿದ್ದಿರಿ, ಮೈ ಇಳಿದುಹೋಗಿದೆ. ಬಿ.ಪಿ.ಯ ಗುಳಿಗೆಯ ಹೊತ್ತಾಗಿತ್ತು. ಸೊಸೆ ಗುಳಿಗೆಯ ಡಬ್ಬಿ ತಂದು ಇಟ್ಟು ಒಳಗೆ ಹೋದಳು. ನೀವು ಡಬ್ಬಿ ತೆರೆದಿರಿ, ಮುಚ್ಚಿದಿರಿ. ಮತ್ತೆ ತೆರೆದು, ಎರಡು ಗುಳಿಗೆ ಅಂಗೈಯಲ್ಲಿಟ್ಟುಕೊಂಡು ನನ್ನತ್ತ ಚಾಚಿದಿರಿ.

"ಇದ್ರಲ್ಲಿ ಸಂಜೆದು ಯಾವುದು, ನೀನೇ ತೆಗ್ದು ಕೊಡು ಮಾರಾಯ. ನಂಗೆ ನನ್ನ ಮೇಲೆ ಭರವಸೆ ಇಲ್ಲ. ನೀ ಆದ್ರೆ ಅವತ್ತೂ ಸರಿಯಾಗಿ ಕಂಡವ."

ಡಬ್ಬಿಯ ಮೇಲೆ ಸೊಸೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದಳು. ನಿಮಗೆ ಅದನ್ನು ಓದಲು ಬರುತ್ತಿತ್ತು. ಸರಿಯಾದ ಗುಳಿಗೆಯ ಮೇಲೇ ನಿಮ್ಮ ಬೆರಳಿತ್ತು. ಊರೂರಿಗೆ ಔಷಧ ಬೆರೆಸಿ ಕೊಟ್ಟ ಕೈ ಅದು. ನಾನು ಅದೇ ಗುಳಿಗೆಯನ್ನು ಎತ್ತಿ ಕೊಟ್ಟೆ. ನೀವು ನೋಡದೆ ನುಂಗಿದಿರಿ. ಬಾಯಿ ತೆರೆದೆ — ಒಳಗಿನಿಂದ ಸೊಸೆ ಬಂದಳು, ನಾನು ಬಸ್ಸಿನ ಹೊತ್ತಾಯಿತು ಎಂದು ಎದ್ದುಬಂದೆ. ಈ ವಯಸ್ಸಿನಲ್ಲೂ ಎದ್ದು ಓಡಿದೆ, ಸುಬ್ರಾಯಣ್ಣ.

ನಾನು ಸುಳ್ಳು ಹೇಳಿದ್ದು ಜನರ ನಡುವೆ. ಅವತ್ತು ಅಲ್ಲಿದ್ದವರಲ್ಲಿ ನೀವು, ನಾನು ಬಿಟ್ಟರೆ ಈಗ ಯಾರೂ ಉಳಿದಿಲ್ಲ. ಆದರೆ ನಿಮ್ಮ ಮಕ್ಕಳಿದ್ದಾರೆ, ಸೊಸೆಯಂದಿರಿದ್ದಾರೆ, ಆ ಮಾತನ್ನು ಕಲಿತ ಮೊಮ್ಮಕ್ಕಳೂ ಇದ್ದಾರೆ. ನಾಳೆ ಬರುತ್ತೇನೆ. ಇದನ್ನು ನಿಮ್ಮ ಕೈಯಲ್ಲಿ ಕೊಟ್ಟು ಬರುವುದಿಲ್ಲ; ಎಲ್ಲರನ್ನೂ ಚಾವಡಿಗೆ ಕರೆದು, ಮೊದಲ ಸಾಲಿನಿಂದ, ನಾನೇ ಓದುತ್ತೇನೆ. ನಡುವೆ ನಿಲ್ಲಿಸಿದರೆ ಓದು ಎಂದು ನಿಮ್ಮ ಮಗ ನನಗೆ ಹೇಳಲಿ. ಆಮೇಲೆ ಈ ಮೆಟ್ಟಿಲು ಹತ್ತಬೇಡ ಎಂದು ನೀವು ಹೇಳಿದರೆ ಹತ್ತುವುದಿಲ್ಲ. ಕ್ಷಮಿಸಿ ಎಂದು ಕೇಳಲು ನನಗೆ ಬಾಯಿಲ್ಲ, ಕೇಳುವುದೂ ಇಲ್ಲ.

ಒಂದೇ ಒಂದು ಕೇಳಿಕೊಳ್ಳುತ್ತೇನೆ. ನಾಳೆ ಸಂಜೆ, ನಾನು ಹೋದ ಮೇಲೆ, ಗುಳಿಗೆಯ ಹೊತ್ತಿಗೆ ಯಾರನ್ನೂ ಕರೆಯಬೇಡಿ. ಡಬ್ಬಿಯನ್ನು ನೀವೇ ತೆರೆದು, ನೀವೇ ಆರಿಸಿ ನುಂಗಿ.